19ಇ ಸೀಟಿನ ಪುಟ್ಟ ಹುಡುಗಿ

ನಾನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರ್‌ನಲ್ಲಿ ಕೂರುವವನು. ದಿನಕ್ಕೆ ಇಷ್ಟು ಸಲ ಕೇಳುತ್ತೇನೆ ಅಂತ ಲೆಕ್ಕ ಇಟ್ಟಿಲ್ಲ, ಆದರೆ ಈ ಮಾತು ಕೇಳದೆ ಶಿಫ್ಟ್ ಮುಗಿಯುವುದಿಲ್ಲ: "ಸಾರ್, ನಾವೆಲ್ಲ ಒಂದೇ ಮನೆಯವರು. ಒಟ್ಟಿಗೆ ಸೀಟು ಕೊಡಿ."

2023ರ ಒಂದು ಬೆಳಗಿನ ವಿಮಾನ. ತಾಯಿ, ಆರು ವರ್ಷದ ಹುಡುಗಿ, ಒಂಬತ್ತು ವರ್ಷದ ಹುಡುಗ. ಸೀಟು ಆರಿಸಿಕೊಳ್ಳಲು ಬೇರೆ ದುಡ್ಡು ಕೊಟ್ಟಿರಲಿಲ್ಲ. ಸಿಸ್ಟಮ್ ತಾನಾಗೇ ಕೊಟ್ಟಿದ್ದು 8ಬಿ, 19ಇ, 27ಬಿ. ಮೂರೂ ಮಧ್ಯದ ಸೀಟು. ಇದರಲ್ಲಿ ಆಶ್ಚರ್ಯ ಏನಿಲ್ಲ. ಏರ್‌ಬಸ್ ಎ320ಯಲ್ಲಿ ಒಂದು ಸಾಲಿಗೆ ಆರು ಸೀಟು, ಅದರಲ್ಲಿ ಎರಡು ಮಧ್ಯದವು. ದುಡ್ಡು ಕೊಟ್ಟು ಮಧ್ಯದ ಸೀಟು ಯಾರು ತಗೋತಾರೆ? ಕೊನೆಗೆ ಉಳಿಯುವುದು ಅವೇ, ಅದೂ ಅಲ್ಲೊಂದು ಇಲ್ಲೊಂದು.

ನನ್ನ ಮುಂದೆ ಉದ್ದ ಸಾಲು ನಿಂತಿತ್ತು. "ಗೇಟ್ ಹತ್ರ ಕೇಳಿ ಮೇಡಂ" ಅಂದು ಮೂರು ಬೋರ್ಡಿಂಗ್ ಪಾಸ್ ಕೈಗಿಟ್ಟೆ. ಗೇಟ್‌ನವರು "ಒಳಗೆ ಕ್ರೂ ನೋಡ್ಕೊಳ್ತಾರೆ" ಅಂದರು. ಬೋರ್ಡಿಂಗ್ ಮುಗಿಸುವಾಗ ಗೇಟ್‌ಗೆ ಜನ ಕಡಿಮೆ ಅಂತ ನನ್ನನ್ನೇ ಕರೆದರು. ಕಾಗದ ಕೊಡಲು ವಿಮಾನದ ಬಾಗಿಲಿಗೆ ಹೋದರೆ ಒಳಗೆ ಗಲಾಟೆ.

19ನೇ ಸಾಲಿನಲ್ಲಿ ಹಜಾರದ ಪಕ್ಕ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಮಂಡಿ ನೋವು, ಕಾಲು ಚಾಚಬೇಕು ಅಂತಲೇ ದುಡ್ಡು ಕೊಟ್ಟು ಆ ಸೀಟು ತಗೊಂಡಿದ್ದರು. ಅದನ್ನು ಬಿಟ್ಟು 8ಬಿಗೆ ಹೋಗಿ ಅಂದರೆ ಒಪ್ಪಲಿಲ್ಲ. ಸುತ್ತ ಕೂತವರೆಲ್ಲ ಅವರನ್ನೇ ದುರುಗುಟ್ಟಿ ನೋಡುತ್ತಿದ್ದರು. ಆ ಹಿರಿಯರು ನನ್ನ ಯೂನಿಫಾರ್ಮ್ ಕಂಡು ನನ್ನನ್ನೇ ಕೇಳಿದರು, "ಏನಪ್ಪಾ, ದುಡ್ಡು ಕೊಟ್ಟಿದ್ದೇ ನನ್ನ ತಪ್ಪಾ?"

ಕೊನೆಗೆ 19ಎಫ್‌ನ ಕಾಲೇಜು ಹುಡುಗ ಎದ್ದು ತಾಯಿಯ 8ಬಿಗೆ ಹೋದ. ಕಿಟಕಿಗೆ ಅವನೂ ದುಡ್ಡು ಕೊಟ್ಟಿದ್ದ. ವಾಪಸ್ ಏನೂ ಸಿಗಲಿಲ್ಲ. ತಾಯಿ ಮಗಳು ಅಕ್ಕಪಕ್ಕ ಆದರು. ಒಂಬತ್ತು ವರ್ಷದ ಮಗ 27ರಲ್ಲೇ ಉಳಿದ.

ಅವತ್ತು ತಿಳಿದದ್ದು ಇಷ್ಟು. ಆ ಮೂರು ಸೀಟಿನ ದುಡ್ಡು ಕಂಪನಿಗೆ ಬರಲಿಲ್ಲ. ಬೆಲೆ ಮಾತ್ರ ಬೇರೆಯವರೆಲ್ಲ ತೆತ್ತರು: ಆ ಹಿರಿಯರು, ಆ ಕಾಲೇಜು ಹುಡುಗ, ಬಾಗಿಲು ಹಾಕಲು ಕಾಯುತ್ತಿದ್ದ ಕ್ರೂ. ಕೌಂಟರ್‌ನಲ್ಲಿ ನಾನು ಐದು ನಿಮಿಷ ತಲೆ ಓಡಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಒಂಟಿಯಾಗಿ ಬಂದವರು, ಸೀಟಿಗೆ ದುಡ್ಡು ಕೊಡದವರು, ಇನ್ನೂ ಚೆಕ್-ಇನ್ ಆಗದವರು ಎಷ್ಟೋ ಜನ ಇದ್ದರು.

2024ರ ಏಪ್ರಿಲ್‌ನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಇದಕ್ಕೊಂದು ಆದೇಶ ಹೊರಡಿಸಿತು. 12 ವರ್ಷದವರೆಗಿನ ಮಗುವಿಗೆ, ಅದೇ ಪಿಎನ್‌ಆರ್‌ನಲ್ಲಿ (ಅಂದರೆ ಅದೇ ಬುಕಿಂಗ್ ಸಂಖ್ಯೆಯಲ್ಲಿ) ಇರುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು, ಅದರ ದಾಖಲೆಯನ್ನೂ ಇಡಬೇಕು. ಒಳ್ಳೆಯದೇ ಆಯಿತು. ಆದರೆ ಜನ ಇದನ್ನು 'ಇಡೀ ಕುಟುಂಬಕ್ಕೆ ಫ್ರೀ ಸೀಟು' ಅಂತ ಓದಿಕೊಂಡಿದ್ದಾರೆ. ಆ ಆದೇಶ ಹೇಳಿದ್ದು ಒಬ್ಬರ ಜೊತೆ, ಅಷ್ಟೇ. ಅಪ್ಪನ ಟಿಕೆಟ್ಟನ್ನು ಅವರ ಆಫೀಸಿನವರು, ಅಮ್ಮ ಮಗುವಿನದನ್ನು ಮಾವ ಮಾಡಿಸಿದ್ದರೆ ಪಿಎನ್‌ಆರ್ ಎರಡಾಯಿತು. ಅಪ್ಪ ಮಗು ಒಂದೇ ಮನೆಯವರು ಅಂತ ಸಿಸ್ಟಮ್‌ಗೆ ಹೇಗೆ ಗೊತ್ತಾಗಬೇಕು?

ಕೆನಡಾದವರು 2019ರಲ್ಲೇ ವಯಸ್ಸು ನೋಡಿ ನಿಯಮ ಮಾಡಿದ್ದಾರೆ. ಐದರೊಳಗಿನ ಮಗು ಪಕ್ಕದಲ್ಲೇ ಇರಬೇಕು. 5ರಿಂದ 11 ಆದರೆ ಅದೇ ಸಾಲಿನಲ್ಲಿ, ನಡುವೆ ಹೆಚ್ಚೆಂದರೆ ಒಂದು ಸೀಟು. 12, 13 ಆದರೆ ಹೆಚ್ಚೆಂದರೆ ಒಂದು ಸಾಲಿನ ಅಂತರ. ಕೌಂಟರ್‌ನಲ್ಲಿ ಕೂರುವವನಿಗೆ ಇಂಥದ್ದು ಅನುಕೂಲ, ವಾದಕ್ಕೆ ಜಾಗ ಕಡಿಮೆ.

ಹಾಗಂತ ಸೀಟಿಗೆ ದುಡ್ಡೇ ಬೇಡ ಅನ್ನುವವನಲ್ಲ ನಾನು. ಕಿಟಕಿ, ಮುಂದಿನ ಸಾಲು, ಕಾಲು ಚಾಚುವ ಜಾಗ ಬೇಕಾದವರು ಕೊಡಲಿ. ಗಂಡ ಹೆಂಡತಿ ಎರಡೂವರೆ ಗಂಟೆ ದೂರ ಕೂತರೆ ಸಂಸಾರ ಏನೂ ಮುಳುಗುವುದಿಲ್ಲ. ಆದರೆ ಆರು ವರ್ಷದ ಮಗು ಅಮ್ಮನ ಪಕ್ಕ ಕೂರುವುದು ಆಯ್ಕೆ ಅಲ್ಲ ಅಲ್ವಾ? ಅದಕ್ಕೆ ದರಪಟ್ಟಿ ಹಾಕಬಾರದು.

ಈಗ ಕೌಂಟರ್ ತೆರೆಯುವ ಮೊದಲೇ ಮಕ್ಕಳಿರುವ ಬುಕಿಂಗ್‌ಗಳನ್ನು ತೆಗೆದು ನೋಡುತ್ತೇನೆ. ಎಲ್ಲ ಸಲವೂ ಆಗುವುದಿಲ್ಲ. ಕೈಗೂಸುಗಳಿದ್ದರೆ ಇನ್ನೊಂದು ತಾಪತ್ರಯ. ಒಂದು ಬದಿಯ ಮೂರು ಸೀಟಿಗೆ ಆಮ್ಲಜನಕದ ಮಾಸ್ಕ್ ಇರುವುದು ನಾಲ್ಕು. ಹಾಗಾಗಿ ಅಕ್ಕ ತಂಗಿ ಇಬ್ಬರೂ ಕೂಸು ಎತ್ತಿಕೊಂಡು ಬಂದರೆ ಒಂದೇ ಸಾಲಿನ ಒಂದೇ ಬದಿಯಲ್ಲಿ ಕೂರಿಸಲು ಬರುವುದಿಲ್ಲ; ಮೂರನೇ ಸೀಟಿನವರೂ ಸೇರಿದರೆ ಐದು ಜನ ಆಗುತ್ತಾರೆ. ಹೀಗೆ ಬಿಡಿಸಿ ಹೇಳಿದರೆ ಯಾರೂ ಜಗಳ ಆಡುವುದಿಲ್ಲ. "ಸಿಸ್ಟಮ್ ಬಿಡ್ತಿಲ್ಲ" ಅಂದರೆ ಮಾತ್ರ ಸಿಟ್ಟು ಬರುತ್ತದೆ.

ಮೊನ್ನೆ ಕಾಶಿಗೆ ಹೊರಟ ಒಂದು ಕುಟುಂಬ. ಅಜ್ಜಿಯ ಟಿಕೆಟ್ ಬೇರೆ ಪಿಎನ್‌ಆರ್. ಮಗುವಿಗೆ ಅಮ್ಮನ ಪಕ್ಕ ಸೀಟು ಕೊಟ್ಟೆ, ಅಜ್ಜಿಗೆ ಐದು ಸಾಲು ಹಿಂದೆ. ಮಗು ಅಜ್ಜಿಯೇ ಬೇಕು ಅಂತ ಅಳಲು ಶುರು ಮಾಡಿತು. ಪಾಸ್ ಕೈಗೆ ತಗೊಂಡು ಸೊಸೆ ಮೆಲ್ಲಗೆ ಅಂದರು, "ಇರ್ಲಿ ಬಿಡಿ ಸಾರ್. ಒಳಗೆ ಹೋದ್ಮೇಲೆ ಕ್ರೂನ ಕೇಳಿ ಅತ್ತೆ ಜೊತೆ ಬದಲಾಯಿಸ್ಕೊಳ್ತೀನಿ. ನಾನೂ ಸ್ವಲ್ಪ ನಿದ್ದೆ ಮಾಡ್ಬೇಕು."