ಅಮ್ಮ ಬೇಕೆಂದೇ ಸೋಲುತ್ತಾಳೆ

ತಂಗಿಯ ಮಗನಿಗೆ ತೊಡೆಯ ಮೂಳೆಯ ಕ್ಯಾನ್ಸರ್. ಶ್ವಾಸಕೋಶಕ್ಕೂ ಹಬ್ಬಿದೆ, ಇನ್ನು ಕೀಮೋ ಕೊಟ್ಟು ಮಗುವನ್ನು ಗೋಳಾಡಿಸುವುದು ಬೇಡ ಎಂದ ವೈದ್ಯರು, ನೋವು ಸಂಕಟ ತಗ್ಗಿಸಿ ನೋಡಿಕೊಳ್ಳುವ ಉಪಶಾಮಕ ಆರೈಕೆಯವರ ಫೋನ್ ನಂಬರ್ ಬರೆದುಕೊಟ್ಟರು. ಹಾಸ್ಪೈಸ್ ಎಂದರೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಗಾಲಕ್ಕೆ ಹೋಗಿ ಸೇರುವುದು ಎಂದಷ್ಟೇ ನಾನು ತಿಳಿದಿದ್ದೆ. ಮನೆಗೇ ಬಂದು ನೋಡುವವರಿದ್ದಾರೆ ಎಂದು ಗೊತ್ತಾದದ್ದು, ಸಿಸ್ಟರ್ ಒಬ್ಬರು ಬ್ಯಾಗು ಹೊತ್ತು ಏದುಸಿರು ಬಿಡುತ್ತಾ ನಮ್ಮ ಮೂರನೆಯ ಮಹಡಿ ಹತ್ತಿ ಬಂದಾಗ.

ನಾವು ಮುಂದೆ ಮಾಡಿದ ಫೈಲನ್ನು ಪಕ್ಕಕ್ಕಿಟ್ಟು ಅವರು ಹುಡುಗನ ಹಾಸಿಗೆಯ ಅಂಚಿನಲ್ಲಿ ಕುಳಿತರು. ಆರು ಮುಖಗಳ ಚಿತ್ರವಿದ್ದ ಕಾರ್ಡೊಂದನ್ನು ತೆಗೆದರು. ಈ ತುದಿಯಲ್ಲಿ ನಗುಮುಖ, ಸೊನ್ನೆ. ಆ ತುದಿಯಲ್ಲಿ ಕಣ್ಣೀರು, ಹತ್ತು.

"ನಿನ್ನ ನೋವು ಇದರಲ್ಲಿ ಯಾವುದಪ್ಪಾ?"

ಹುಡುಗ ಅಪ್ಪನ ಮುಖ ನೋಡಿ ನಾಲ್ಕರ ಮೇಲೆ ಬೆರಳಿಟ್ಟ. ಅಪ್ಪ ನೀರು ತರಲು ಒಳಗೆ ಹೋದದ್ದೇ ತಡ, ಬೆರಳು ಎಂಟಕ್ಕೆ ಜರುಗಿತು.

ಮಾರ್ಫಿನ್ ಎಂದ ಕೂಡಲೇ ಅಪ್ಪ ಬೆಚ್ಚಿದ. "ಅದು ಅಫೀಮಲ್ಲವೇ ಸಿಸ್ಟರ್? ಚಟ ಹತ್ತಿದರೆ?"

"ನೋವಿಗೆಂದು ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ನಾಲ್ಕು ಗಂಟೆಗೊಮ್ಮೆ ಕೊಡಿ, ನೋವು ಬರಲಿ ಎಂದು ಕಾಯಬೇಡಿ. ಮಲಬದ್ಧತೆಯಾಗುತ್ತದೆ, ಅದಕ್ಕೂ ಇವತ್ತಿನಿಂದಲೇ ಔಷಧಿ ಬರೆದಿದ್ದಾರೆ."

1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳುವುದಕ್ಕೆ ಆಸ್ಪತ್ರೆಗಳೇ ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿದೆ. ಆದರೂ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಅದರ ಹೆಸರೆತ್ತಿದಾಗ ಮಾಲೀಕ ನನ್ನನ್ನು ಕಳ್ಳನಂತೆ ನೋಡಿದ್ದ. ಸಿಸ್ಟರ್ ತಮ್ಮ ಕೇಂದ್ರದಿಂದಲೇ ಮಾತ್ರೆ ತಂದಿದ್ದರು.

ಆಮೇಲೆ ಅವರು ಹುಡುಗನನ್ನೇ ಕೇಳಿದರು, "ನಿನಗೆ ಇನ್ನೇನು ಬೇಕು ಹೇಳು?"

"ಅಕ್ಕ ಬೇಕು. ಚೌಕಾಬಾರ ಆಡಬೇಕು. ಅಮ್ಮ ಬೇಕೆಂದೇ ಸೋಲುತ್ತಾಳೆ."

ತಂಗಿ ಕಕ್ಕಾಬಿಕ್ಕಿಯಾದಳು. ಏಳನೆಯ ತರಗತಿಯ ಮಗಳು ಇದನ್ನೆಲ್ಲ ನೋಡಬಾರದೆಂದು ಅವಳನ್ನು ತುಮಕೂರಿನ ಅಜ್ಜಿಯ ಮನೆಗೆ ಕಳುಹಿಸಿದ್ದರು. ಹುಡುಗನನ್ನು ನೋಡಲು ಬಂದವರೆಲ್ಲ ಹಣ್ಣು, ಬಿಸ್ಕತ್ತು, ದೇವಸ್ಥಾನದ ಕುಂಕುಮ ತಂದಿದ್ದರು. ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದವರನ್ನು ನಾನು ಕಾಣೆ. ಸಿಸ್ಟರ್ ತಂಗಿಯನ್ನು ಅಡುಗೆಮನೆಗೆ ಕರೆದೊಯ್ದು ಬಹಳ ಹೊತ್ತು ಮಾತನಾಡಿದರು. ಹೇಳದೆ ಮುಚ್ಚಿಟ್ಟರೆ ಮಕ್ಕಳು ತಮ್ಮಿಂದಲೇ ಏನೋ ಆಯಿತೆಂದು ಒಳಗೊಳಗೇ ಕೊರಗುತ್ತಾರೆ, ಕರೆಸಿಕೊಳ್ಳಿ, ಅವಳು ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ ಎಂದರು. ಮಾತ್ರೆಯ ವಿಷಯಕ್ಕಿಂತ ಈ ಮಾತಿಗೇ ಹೆಚ್ಚು ಸಮಯ ಹಿಡಿಯಿತು.

ಶನಿವಾರ ನಾನೇ ಹೋಗಿ ಅವಳನ್ನು ಕರೆತಂದೆ. ಬಸ್ಸಿನಲ್ಲಿ "ಮಾವ, ಅವನು ಸಾಯುತ್ತಾನಾ?" ಎಂದಳು. ಹೌದೆಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಕವಡೆ ಇದೆಯಾ ಎಂದು ಚೀಲ ತಡಕಿಕೊಂಡಳು.

ಅಷ್ಟರಲ್ಲಿ ಮಾರ್ಫಿನ್ ಹಿಡಿದಿತ್ತು. ಹುಡುಗ ರಾತ್ರಿ ನಿದ್ದೆ ಮಾಡಿದ್ದ, ದಿಂಬಿಗೊರಗಿ ಕೂರುತ್ತಿದ್ದ. ಸೀಮೆಸುಣ್ಣದಲ್ಲಿ ಮನೆ ಬರೆದು ಇಬ್ಬರೂ ಆಟಕ್ಕೆ ಕುಳಿತರು. ಅವನ ಕಾಯಿ ಇನ್ನೇನು ಹಣ್ಣಾಗಬೇಕು, ಅಕ್ಕ ಹೊಡೆದೇಬಿಟ್ಟಳು. "ಮೋಸ! ಕವಡೆ ತಿರುಗಿಸಿದಳು!" ಎಂದು ಅವನು ಕಿರುಚಿದ, ಇವಳು ಅದಕ್ಕಿಂತ ಜೋರಾಗಿ ಕಿರುಚಿದಳು.

"ಇಬ್ಬರಿಗೂ ಬೀಳುತ್ತದೆ ನೋಡಿ ಈಗ!" ತಂಗಿ ಒಳಗಿನಿಂದಲೇ ಗದರಿದಳು.