ಎಲ್ಲಾ ಒಂದೇ ಅಂದಿದ್ದೆ

"ಕೇಳಿದ್ನಲ್ಲ ಮಾಮಾ, ದೀವಳಿಗ್ಯಾಗ."

ಭಾನುವಾರ ಸಂಜೆ ಅಕ್ಕನ ಮಗ ಹೇಳಿದ ಮಾತು ಇದು. ಇವತ್ತು ಶುಕ್ರವಾರ. ಐದು ದಿನದಿಂದ ಕಿವಿಯಲ್ಲೇ ಕೂತಿದೆ. ಅವನು ಸಿಟ್ಟಿನಿಂದ ಹೇಳಲಿಲ್ಲ. ಪೆನ್‌ಡ್ರೈವ್‌ಗಿಂತ ಸ್ವಲ್ಪ ದಪ್ಪ ಇರುವ, ಟೀವಿಯ ಆಟ ರೆಕಾರ್ಡ್ ಮಾಡಲು ತಂದ ಆ ಕರಿ ಡಬ್ಬಿಯ ವೈರನ್ನು ಬೆರಳಿಗೆ ಸುತ್ತುತ್ತಾ, ನೆಲ ನೋಡಿಕೊಂಡೇ ಹೇಳಿದ.

ನಾನು ಕೇಳಿದ್ದು ಇಷ್ಟೇ. "ತಗೊಳ್ಳೋದಕ್ಕ ಮೊದಲ ನನಗೊಂದು ಮಾತು ಕೇಳಬಾರದೇನೋ?"

ಹೌದು, ಕೇಳಿದ್ದ. ಪಾಡ್ಯದ ದಿನ ಕಲಬುರಗಿಯ ಶಹಾಬಜಾರದ ಅವರ ಮನೆಯಲ್ಲೇ ಇದ್ದೆ. ತುಳಸಿ ಲಗ್ನ ಮುಗಿದರೆ ಮದುವೆ ಸೀಸನ್ ಶುರು. ಅಷ್ಟರೊಳಗೆ ಹಳೆಯ ಮದುವೆಗಳ ಎಡಿಟಿಂಗ್ ಮುಗಿಸಬೇಕು ಅಂತ ಹಬ್ಬದ ದಿನವೂ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಹುಡುಗ ಮೊಬೈಲ್ ಹಿಡಿದು ಪಕ್ಕಕ್ಕೆ ಬಂದ. "ಮಾಮಾ, ಟೀವಿದಾಗಿನ ಆಟ ರೆಕಾರ್ಡ್ ಮಾಡ್ಬೇಕಂದ್ರ ಯಾವ ಕ್ಯಾಪ್ಚರ್ ಕಾರ್ಡ್ ಛಲೋ?" ನಾನು ತಲೆ ಎತ್ತಲಿಲ್ಲ. "ಯಾವುದಾದ್ರೂ ತಗೋ, ಎಲ್ಲಾ ಒಂದೇ" ಅಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ ಅಂತ ಈಗ ನೆನಪಾಗುತ್ತೆ.

ಗೊತ್ತಿಲ್ಲದವರು ಹಾಗೆ ಹೇಳಿದ್ದರೆ ಬೇರೆ ಮಾತು. ನನ್ನ ಹೊಟ್ಟೆಪಾಡೇ ಮದುವೆ ವಿಡಿಯೊ. ಕೊರೋನಾ ಕಾಲದಲ್ಲಿ ಮದುವೆಗೆ 50 ಜನ ಅಂತ ಮಿತಿ ಹಾಕಿದ್ದರಲ್ಲ, ಆಗ ಪುಣೆ, ಹೈದರಾಬಾದ್, ದುಬೈನಲ್ಲಿದ್ದ ಬೀಗರೆಲ್ಲ ಯೂಟ್ಯೂಬ್‌ನಲ್ಲೇ ಮುಹೂರ್ತ ನೋಡಿದರು. ಕ್ಯಾಮೆರಾದ ಚಿತ್ರವನ್ನು ಎಚ್‌ಡಿಎಂಐ ವೈರಿನಿಂದ ಲ್ಯಾಪ್‌ಟಾಪ್ ಒಳಗೆ ತರುವುದು ಇದೇ ಕ್ಯಾಪ್ಚರ್ ಕಾರ್ಡ್. ಆವಾಗಿಂದ ಅದು ಯಾವಾಗಲೂ ನನ್ನ ಚೀಲದಲ್ಲಿದೆ. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಫರಕು ಅಂತ ಆ ಮನೆಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು.

ಹುಡುಗನ ಆಟದ ಹುಚ್ಚು ಹೊಸದಲ್ಲ. ಮೊದಲು ಎಲ್ಲರ ಹಾಗೆ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ. 2022ರ ಜುಲೈನಲ್ಲಿ ಆ ಆಟ ಆ್ಯಪ್ ಸ್ಟೋರ್‌ಗಳಿಂದ ಹೋಯಿತು, ವಾಪಸ್ ಬಂದದ್ದು 2023ರ ಮೇನಲ್ಲಿ. ಅಷ್ಟರಲ್ಲಿ ಹೈದರಾಬಾದಿನ ಅವನ ಕಾಕಾನ ಮಗ ಟೀವಿಗೆ ಹಚ್ಚಿ ಆಡುವ ಆಟದ ಯಂತ್ರ, ಹೊಸ ಪಿಎಸ್5 (ಪ್ಲೇಸ್ಟೇಷನ್) ತಗೊಂಡು, ಹಳೆಯ ಪಿಎಸ್4 ಇವನಿಗೆ ಕೊಟ್ಟ. ದೊಡ್ಡ ಮನಸ್ಸಿನ ಹುಡುಗ ಅವನು. ಇವನು ಅದರಲ್ಲಿ ಕ್ರಿಕೆಟ್ ಆಡುತ್ತಾನೆ. ಆಡುವಾಗ ಬಾಯಿ ಸುಮ್ನೆ ಇರೋದಿಲ್ಲ. ನಮ್ಮ ಕಲಬುರಗಿ ಮಾತಲ್ಲೇ ಕಾಮೆಂಟ್ರಿ. "ಹೊಡದಾ ನೋಡ್ರಿ! ಬಾಲು ಸೇಡಂ ರೋಡಿಗಿ ಹೋಯ್ತು, ತರೋರಿದ್ರ ಆಟೊ ಹತ್ರಿ!" ಅಕ್ಕ ರೊಟ್ಟಿ ಬಡಿಯುತ್ತಲೇ ನಗುತ್ತಿರುತ್ತಾಳೆ. ಅದನ್ನು ನಾಲ್ಕು ಜನ ಕೇಳಲಿ ಅಂತ ಅವನ ಆಸೆ. ಒಳ್ಳೆಯ ಆಸೆ ಅದು. ಆಟದ ವಿಡಿಯೊಗಳಲ್ಲಿ ಹಿಂದಿ ಕೇಳಿದ್ದೇನೆ, ಬೆಂಗಳೂರು ಕನ್ನಡ ಕೇಳಿದ್ದೇನೆ. "ಹೋಗ್ಲತ್ತದ, ಬರ್ಲತ್ತದ" ಅನ್ನುವ ಮಾತನ್ನು ನಾನಂತೂ ಕೇಳಿಲ್ಲ.

ಸೆಕೆಂಡ್ ಪಿಯು ಪರೀಕ್ಷೆ ಮುಗಿದ ಮೇಲೆ ಸೂಪರ್ ಮಾರ್ಕೆಟ್‌ನ ಒಂದು ಬಟ್ಟೆ ಅಂಗಡಿಯಲ್ಲಿ 20 ದಿನ ಸೀರೆ ಮಡಚುವ ಕೆಲಸ ಮಾಡಿದ. ಈ ಬಿಸಿಲಲ್ಲಿ, ನಿಂತುಕೊಂಡೇ. ಮಾಲೀಕರು ಹೇಳಿದ್ದಕ್ಕಿಂತ 500 ರೂಪಾಯಿ ಕಡಿಮೆ ಕೊಟ್ಟರಂತೆ. ಮಕ್ಕಳ ಕೂಲಿಯಲ್ಲಿ ಕೈ ಹಾಕುವವರನ್ನು ಕಂಡರೆ ನನಗೆ ಆಗೋದಿಲ್ಲ. ಆ ದುಡ್ಡಲ್ಲಿ 1,350 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು ಈ ಡಬ್ಬಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 4ಕೆ, ಅಂದರೆ ಬಹಳ ಸ್ಪಷ್ಟ ಚಿತ್ರ ಅಂತ.

ಹಚ್ಚಿದರೆ ಕಪ್ಪು ಪರದೆ. 12 ದಿನ ಕಪ್ಪು ಪರದೆ. ವೈರು ಬದಲಿಸಿದ, ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದ, ಯಾರಿಗೂ ಹೇಳಲಿಲ್ಲ. ಭಾವ ದಿನಾ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು "ಕಾಣ್ಲತ್ತದೇನೋ?" ಅಂತ ಕೇಳೋರಂತೆ. ಇವನು "ಇನ್ನ ಇಲ್ಲಪ್ಪಾ" ಅನ್ನೋನಂತೆ. ಅದಕ್ಕಿಂತ ಮುಂದೆ ಇಬ್ಬರೂ ಮಾತಾಡಿಲ್ಲ. ಭಾವ ಹಾಗೇ. ಬೈಯೋದಿಲ್ಲ, ಆದರೆ ಎರಡನೇ ಪ್ರಶ್ನೆಯನ್ನೂ ಕೇಳೋದಿಲ್ಲ. ಕೊನೆಗೆ ಅಕ್ಕನೇ ಫೋನ್ ಮಾಡಿ "ಹುಡುಗ ಊಟ ಸರಿ ಮಾಡವಲ್ಲ, ಬಂದು ನೋಡು" ಅಂದಳು.

ಕಪ್ಪು ಪರದೆ ಸರಿ ಮಾಡಲು ಅರ್ಧ ನಿಮಿಷ ಸಾಕಾಯಿತು. ಪಿಎಸ್4ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಒಳಗೆ ಎಚ್‌ಡಿಸಿಪಿ ಅಂತ ಒಂದು ಟಿಕ್ ಇರುತ್ತೆ. ಸಿನಿಮಾ ಕದಿಯಬಾರದು ಅಂತ ಎಚ್‌ಡಿಎಂಐ ಚಿತ್ರಕ್ಕೆ ಹಾಕುವ ಬೀಗ ಅದು. ಆ ಟಿಕ್ ತೆಗೆದರೆ ಆಟದ ಚಿತ್ರ ರೆಕಾರ್ಡಿಂಗಿಗೆ ಬರುತ್ತೆ. ಸಿನಿಮಾ ಆ್ಯಪ್ ನೋಡಬೇಕಾದಾಗ ಮತ್ತೆ ಹಾಕಿಕೊಂಡರಾಯಿತು. (ಪಿಎಸ್3 ಇದ್ದವರಿಗೆ ಈ ದಾರಿ ಇಲ್ಲ, ಅದರ ಬೀಗ ತೆಗೆಯೋಕೆ ಬರೋದಿಲ್ಲ.) ಟಿಕ್ ತೆಗೆದೆ, ಲ್ಯಾಪ್‌ಟಾಪ್‌ನಲ್ಲಿ ಸ್ಟೇಡಿಯಂ ಮೂಡಿತು. ಹುಡುಗ ಉಸಿರು ಬಿಟ್ಟ. ಅಡುಗೆಮನೆಯಿಂದ ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. 12 ದಿನದ ಸಂಕಟಕ್ಕೆ ಅರ್ಧ ನಿಮಿಷದ ಮದ್ದು. ಆಗಲೇ ನಾನು ಆ ಮಾತು ಕೇಳಿದ್ದು, ಅವನು ಆ ಉತ್ತರ ಕೊಟ್ಟಿದ್ದು.

ನಿಜವಾದ ತೊಂದರೆ ಆಮೇಲೆ ಗೊತ್ತಾಯಿತು. ಪಿಎಸ್4ನ ವೈರು ಡಬ್ಬಿಗೆ ಹೋಗಿದ್ದರಿಂದ ಟೀವಿಯಲ್ಲಿ ಚಿತ್ರ ಇಲ್ಲ, ಲ್ಯಾಪ್‌ಟಾಪ್ ನೋಡಿಯೇ ಆಡಬೇಕು. ಅವನು ಆಡಲು ಕೂತ. ಬೌಲರ್ ಓಡಿ ಬಂದ. ಇವನು ಗುಂಡಿ ಒತ್ತಿದ. ನಾನು ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬೆರಳು ಒತ್ತಿ ಆದ ಮೇಲೆ, ಒಂದು ಗಳಿಗೆ ಬಿಟ್ಟು, ಪರದೆಯ ಮೇಲೆ ಬ್ಯಾಟು ಎದ್ದಿತು. ಅಷ್ಟರಲ್ಲಿ ಸ್ಟಂಪು ಹಾರಿತ್ತು. ಮತ್ತೆ ಒತ್ತಿದ, ಮತ್ತೆ ಬೌಲ್ಡ್. ಒಂದು ಓವರಿನಲ್ಲಿ ನಾಲ್ಕು ಸಲ. ಟೀವಿಯ ಮೇಲೆ ಅಷ್ಟು ಚೆಂದ ಆಡುವ ಹುಡುಗ. ಕಾಮೆಂಟ್ರಿ ನಿಂತುಹೋಗಿತ್ತು.

ಯಾಕೆ ಹೀಗೆ ಅಂತ ಅವತ್ತು ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ದೀಪಾವಳಿಗೇ ತೋರಿಸಬೇಕಿದ್ದ ಲೆಕ್ಕ. ಫುಲ್ ಎಚ್‌ಡಿ ಅನ್ನುವ 1080ರ ಒಂದು ಚಿತ್ರ ಅಂದರೆ ಸುಮಾರು 20 ಲಕ್ಷ ಚುಕ್ಕಿ. ಒಂದು ಚುಕ್ಕಿಗೆ ಎರಡು ಬೈಟ್ ಹಿಡಿದರೂ, ಸೆಕೆಂಡಿಗೆ 60 ಚಿತ್ರ ಅಂದರೆ ಸುಮಾರು 250 ಎಂಬಿ. ಈ ಡಬ್ಬಿ ಲ್ಯಾಪ್‌ಟಾಪ್‌ಗೆ ಚಿತ್ರ ಕಳಿಸುವ ಹಳೆಯ ಯುಎಸ್‌ಬಿ 2.0 ತಂತಿಯಲ್ಲಿ ಹೋಗುವುದು ಹೆಚ್ಚೆಂದರೆ ಸೆಕೆಂಡಿಗೆ 60 ಎಂಬಿ. ಅದಕ್ಕೇ ಇಂಥ ಡಬ್ಬಿ ಒಂದೊಂದು ಚಿತ್ರವನ್ನೂ ಹಿಂಡಿ ಸಣ್ಣದು ಮಾಡುತ್ತೆ, 60ರ ಬದಲು 30 ಚಿತ್ರ ಕಳಿಸುತ್ತೆ. ಹಿಂಡಿ, ಕಳಿಸಿ, ಆ ಕಡೆ ಮತ್ತೆ ಬಿಡಿಸುವಷ್ಟರಲ್ಲಿ ತಡವಾಗುತ್ತೆ. ಬಣ್ಣವೂ ಕಲಸಿಹೋಗುತ್ತೆ. ಯುಎಸ್‌ಬಿ 3.0ರ ದಾರಿ ಇದರ ಹತ್ತು ಪಟ್ಟು ಅಗಲ.

"ಆದ್ರ ಮಾಮಾ, ಇದರೊಳಗ ನೀಲಿ ಅದಲ್ಲ?" ಅಂತ ಪ್ಲಗ್ ತೋರಿಸಿದ. ನೀಲಿ ಪ್ಲಾಸ್ಟಿಕ್ ಇದ್ದರೆ ಯುಎಸ್‌ಬಿ 3 ಅಂತ ಓದಿಕೊಂಡಿದ್ದ. ಪಾಪ, ಓದಿದ್ದು ಸರಿಯೇ. ಆದರೆ ಪ್ಲಾಸ್ಟಿಕ್ ನೀಲಿ ಮಾಡಲು ಏನು ಖರ್ಚು? ಒಳಗಿನ ಚಿಪ್ 2.0ದೇ. ಡಬ್ಬದ ಮೇಲಿನ 4ಕೆ ಕೂಡ ಹಾಗೇ. ಒಳಗೆ ಬರುವ 4ಕೆ ಚಿತ್ರವನ್ನು ಅದು ತಗೊಳ್ಳುತ್ತೆ ಅಂತ ಅರ್ಥ, ಲ್ಯಾಪ್‌ಟಾಪ್‌ಗೆ 4ಕೆ ಕೊಡುತ್ತೆ ಅಂತ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಅವನ ಸಾದಾ ಪಿಎಸ್4 ಹೊರಗೆ ಕೊಡೋದೇ 1080. ಅವನಿಗೆ 4ಕೆ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ಡಬ್ಬಿಯಿಂದ ಟೀವಿಗೆ ಹೋಗುವ ಇನ್ನೊಂದು ಎಚ್‌ಡಿಎಂಐ ತೂತು, ಲೂಪ್ ಔಟ್. ಅದು ಇದ್ದರೆ ಆಟಗಾರ ಟೀವಿ ನೋಡಿ ಆಡುತ್ತಾನೆ, ತಡವಿಲ್ಲ. ಲ್ಯಾಪ್‌ಟಾಪ್‌ನಲ್ಲಿ ತಡವಾಗಿ ಬಂದರೆ ಬರಲಿ, ಅದು ರೆಕಾರ್ಡಿಂಗಿಗೆ ಮಾತ್ರ.

ಇನ್ನೊಂದು ಮಾತು ಹೇಳುವಾಗ ನನಗೇ ಗಂಟಲು ಕಟ್ಟಿತು. ಪಿಎಸ್4ನ ಕಂಟ್ರೋಲರ್ ಮೇಲೆ ಶೇರ್ ಅಂತ ಗುಂಡಿ ಇದೆ. ಆಟವನ್ನು ಅದೇ ರೆಕಾರ್ಡ್ ಮಾಡುತ್ತೆ. 720ರಲ್ಲಿ ಮಾತ್ರ, ಆದರೆ ಪುಕ್ಕಟೆ. ಮಾಮೂಲಿ 15 ನಿಮಿಷ, ಸೆಟ್ಟಿಂಗ್ ಬದಲಿಸಿದರೆ 60 ನಿಮಿಷದವರೆಗೂ. ಕಲಿಯುವ ಹುಡುಗ ಮೊದಲ ಆರು ತಿಂಗಳು ಅದರಲ್ಲೇ ಮಾಡಬಹುದಿತ್ತು. ಕಂಪ್ಯೂಟರಿನಲ್ಲೇ ಆಟ ಆಡುವವರಿಗಂತೂ ಕಾರ್ಡೇ ಬೇಡ, ಪರದೆ ರೆಕಾರ್ಡ್ ಮಾಡುವ ಓಬಿಎಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಕು. ಇವನ ಗೆಳೆಯನೊಬ್ಬ ಮೊಬೈಲ್ ಆಟಕ್ಕೆ ಅಂತ ಟೈಪ್ ಸಿಯಿಂದ ಎಚ್‌ಡಿಎಂಐ ವೈರು ತಂದು ಕೂತಿದ್ದಾನೆ. ಅವನ ಮೊಬೈಲ್‌ನ ಟೈಪ್ ಸಿಯಿಂದ ಚಿತ್ರ ಹೊರಗೆ ಬರೋದೇ ಇಲ್ಲ. ಕಡಿಮೆ ಬೆಲೆಯ ಮೊಬೈಲ್‌ಗಳಲ್ಲಿ ಬಹಳಷ್ಟು ಹಾಗೇ. ಅದನ್ನೂ ಯಾರೂ ಹೇಳಲಿಲ್ಲ ಆ ಹುಡುಗನಿಗೆ.

ಯಾರು ಹೇಳಬೇಕು? ಬೆಂಗಳೂರಿನ ಹುಡುಗರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ನಾಲ್ಕು ಅಂಗಡಿ ಕೇಳಿ ಬರುತ್ತಾರೆ. ಇಲ್ಲಿ ನಾನು ಹೋದ ಅಂಗಡಿಗಳಲ್ಲಿ "ಇಟ್ಟಿಲ್ರಿ, ಆನ್‌ಲೈನ್ ನೋಡ್ರಿ" ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಎಲ್ಲಾ ಡಬ್ಬಿಯ ಮೇಲೂ 4ಕೆ, ಎಲ್ಲದಕ್ಕೂ ನಾಲ್ಕೂವರೆ ನಕ್ಷತ್ರ. ಹದಿನೇಳು ವರ್ಷದ ಹುಡುಗ ಅದರಲ್ಲಿ ಏನು ಅಂತ ಆರಿಸಬೇಕು? ಗೊತ್ತಿರುವ ಒಬ್ಬ ಮಾಮಾ ಮನೆಯಲ್ಲಿದ್ದ. ಅವನನ್ನೇ ಕೇಳಿದ. ನಾನು ಕೊಟ್ಟ ಉತ್ತರ ನಾಲ್ಕು ಶಬ್ದ.

ಆಟದ ವಿಷಯ ಅಂತಲೇ ಹಾಗೆ ಹೇಳಿದೆ, ಅಲ್ವಾ? ಅವನು ಟ್ಯೂಷನ್ ಬಗ್ಗೆ ಕೇಳಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಕೂರಿಸಿಕೊಂಡು ಹೇಳುತ್ತಿದ್ದೆ. ನಾನು ಕ್ಯಾಮೆರಾ ಹಿಡಿದಾಗ ನಮ್ಮಪ್ಪನೂ "ಲಗ್ನದಾಗ ಲೈಟ್ ಹಿಡಿಯೋದು ಒಂದು ಕೆಲಸ ಏನೋ" ಅಂದಿದ್ದ. ಆ ಮಾತು ಎಷ್ಟು ವರ್ಷ ಚುಚ್ಚಿತ್ತು ಅಂತ ನನಗೇ ಗೊತ್ತು.

ಮಂಗಳವಾರ ನನ್ನ ಕೆಲಸದ ಕಾರ್ಡ್ ತಗೊಂಡು ಹೋದೆ. ಯುಎಸ್‌ಬಿ 3, ಲೂಪ್ ಔಟ್ ಇರುವುದು. ಆಗ 14,000 ಕೊಟ್ಟಿದ್ದೆ. ಎರಡರಲ್ಲೂ ಒಂದೊಂದು ಓವರ್ ರೆಕಾರ್ಡ್ ಮಾಡಿ ಅಕ್ಕಪಕ್ಕ ಇಟ್ಟು ನೋಡು ಅಂದೆ. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. "ಇದರಾಗ ಹುಲ್ಲು ಕಾಣ್ಲತ್ತದ ಮಾಮಾ. ಅದರಾಗ ಚಟ್ನಿ ಸವರಿದಂಗ ಅದ." ಎಷ್ಟು ಸರಿಯಾಗಿ ನೋಡಿದ್ದ! ಇಟ್ಟುಕೋ ಅಂದೆ. ಆಳಂದದಲ್ಲಿ ಗುರುವಾರ ಮದುವೆ ಇದೆ ಅಂತ ಅವನಿಗೆ ಗೊತ್ತಿತ್ತು. "ಬ್ಯಾಡ, ನಿನ್ನ ಕೆಲಸದ್ದು" ಅಂತ ತಾನೇ ವೈರು ಸುತ್ತಿ ನನ್ನ ಚೀಲಕ್ಕೆ ಹಾಕಿದ.

ಸದ್ಯಕ್ಕೆ ಬೇರೆ ದಾರಿ ಮಾಡಿದೆವು. ಸೂಪರ್ ಮಾರ್ಕೆಟ್‌ನಲ್ಲಿ 450 ರೂಪಾಯಿಗೆ ಎಚ್‌ಡಿಎಂಐ ಸ್ಪ್ಲಿಟರ್ ಸಿಕ್ಕಿತು. ಪಿಎಸ್4ನಿಂದ ಬರುವ ಒಂದು ಚಿತ್ರವನ್ನು ಎರಡು ಮಾಡುತ್ತೆ. ಒಂದು ಟೀವಿಗೆ, ಇನ್ನೊಂದು ಆ ಕರಿ ಡಬ್ಬಿಗೆ. ಈಗ ಅವನು ಟೀವಿ ನೋಡಿಯೇ ಆಡುತ್ತಾನೆ. ಉಳಿದದ್ದು ಮಾತು. ಆಟದ ಚಿತ್ರ, ಸದ್ದು ಎರಡೂ ತಡವಾಗಿ ಬರುತ್ತವೆ, ಮೈಕಿನ ಮಾತು ತಕ್ಷಣ ಬರುತ್ತೆ. ಸಿಕ್ಸರ್ ಹೋಗುವುದಕ್ಕೆ ಮೊದಲೇ "ಹೋಯ್ತು" ಅಂದಿರುತ್ತಾನೆ. ಓಬಿಎಸ್‌ನಲ್ಲಿ ಮೈಕಿಗೆ ಅಷ್ಟೇ ತಡ ಹಾಕಬೇಕು. ಅವನು ಗುಂಡಿ ಒತ್ತುತ್ತಾ "ಹಾಂ" ಅನ್ನೋದು, ನಾನು ರೆಕಾರ್ಡಿಂಗ್ ಕೇಳಿ ಮಿಲಿಸೆಕೆಂಡ್ ಏರಿಸೋದು. ಹತ್ತು ಹನ್ನೆರಡು ಸಲ ಮಾಡಿದೆವು. ಕೊನೆಗೆ ಬ್ಯಾಟೂ "ಹಾಂ"ನೂ ಒಟ್ಟಿಗೆ ಬಿದ್ದಾಗ ಇಬ್ಬರೂ ಕೂಗಿದೆವು.

ವಿಡಿಯೊ ಫೈಲು ಎಂಪಿ4 ಬಗೆಯದು ಬೇಡ, ಎಂಕೆವಿ ಬಗೆಯಲ್ಲೇ ರೆಕಾರ್ಡ್ ಮಾಡು ಅಂತಲೂ ಹೇಳಿದೆ. ಚಿಂಚೋಳಿಯ ಒಂದು ಮದುವೆಯಲ್ಲಿ ಜನರೇಟರ್ ಕೈಕೊಟ್ಟು, ಅರ್ಧಕ್ಕೆ ನಿಂತ ಎಂಪಿ4 ಫೈಲು ತೆರೆಯಲೇ ಇಲ್ಲ. ಇಡೀ ಮುಹೂರ್ತ ಹೋಯಿತು. ಆ ಹೆಣ್ಣಿನ ತಂದೆಯ ಮುಖ ಇನ್ನೂ ಕಣ್ಣ ಮುಂದೆ ಇದೆ. ಎಂಕೆವಿ ಆದರೆ ನಿಂತ ಜಾಗದವರೆಗೆ ಉಳಿಯುತ್ತೆ. ಆಮೇಲೆ ಓಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು.

ಸ್ಪ್ಲಿಟರಿನ 450 ನಾನು ಕೊಟ್ಟೆ. ಅವನು ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಅದರ ಕೆಳಗೆ ಮುಂದಿನ ಸಲ ತಗೊಳ್ಳಬೇಕಾದ್ದು: ನಿಜವಾದ ಯುಎಸ್‌ಬಿ 3, 1080ರಲ್ಲಿ 60, ಲೂಪ್ ಔಟ್. ಅರ್ಧ ದುಡ್ಡು ನಂದು ಅಂತ ಹೇಳಿದ್ದೇನೆ. ಅದನ್ನು ಬರೆದುಕೊಂಡಿಲ್ಲ ಅವನು.

ನಿನ್ನೆ ರಾತ್ರಿ ಆಳಂದದಿಂದ ಬಂದಾಗ ಅವನ ಮೊದಲ ವಿಡಿಯೊ ಬಂದಿತ್ತು, 11 ನಿಮಿಷದ್ದು. ಬೂಟು ಬಿಚ್ಚದೆ ಕೂತು ನೋಡಿದೆ. ಏಳನೇ ನಿಮಿಷಕ್ಕೆ ಕರೆಂಟು ಹೋಗಿದೆ. ಪಿಎಸ್4 ಬಂದ್, ಆಟದ ಚಿತ್ರ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆದಿದೆ, ಮೈಕು ಚಾಲೂ ಇದೆ. ಕತ್ತಲಲ್ಲಿ ಅವನ ದನಿ. "ಲೈಟ್ ಹೋದ್ವು ನೋಡ್ರಿ. ಬರೋ ತನಕ ನಾ ಹೇಳ್ತೀನಿ, ಹೋಗಬ್ಯಾಡ್ರಿ. ಇನ್ನ 14 ರನ್ ಬೇಕು, ಒಂದೂವರೆ ಓವರ್ ಅದ..." ದೂರದಿಂದ ಅಕ್ಕ ಕೇಳುತ್ತಾಳೆ, "ಯಾರ ಜೋಡಿ ಮಾತಾಡ್ಲತ್ತಿ?" "ಯಾರ ಜೋಡೀನೂ ಇಲ್ಲವ್ವಾ, ರೆಕಾರ್ಡ್ ಆಗ್ಲತ್ತದ." ಮತ್ತೆ ಶುರು. ಫೀಲ್ಡರ್ ಎಲ್ಲಿದ್ದಾನೆ, ಮುಂದಿನ ಬಾಲು ಎಲ್ಲಿಗೆ ಹೊಡೆಯಬೇಕು, ಯಾಕೆ. ನಾಲ್ಕು ನಿಮಿಷ, ಏನೂ ಕಾಣದ ಪರದೆಗೆ. ಆಮೇಲೆ ಫ್ಯಾನು ತಿರುಗುವ ಸದ್ದು ಬರುತ್ತೆ, ಭಾವನ ದನಿ ಬರುತ್ತೆ.

"ಮುಂದ ಏನಾಯ್ತೋ?"