ಓಲ್ನಿಯ ಪಾದ್ರಿಗೆ ಪೂರ್ತಿ ಕಣ್ಣು ಬಂದದ್ದು ಯಾವಾಗ?

ಸಂಡೇ ಸ್ಕೂಲಿಗೆ ಹೋದವರಲ್ಲಿ ತುಂಬಾ ಜನಕ್ಕೆ ಜಾನ್ ನ್ಯೂಟನ್ ಕಥೆ ಗೊತ್ತಿರುತ್ತದೆ. ವಿಜ್ಞಾನಿ ನ್ಯೂಟನ್ ಅಲ್ಲ, ಇವರು ಬೇರೆ. ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್. ಬಾಯಿ ತೆಗೆದರೆ ಬೈಗುಳ. ಒಂದು ರಾತ್ರಿ ಸಮುದ್ರದಲ್ಲಿ ಬಿರುಗಾಳಿ ಬಂತು, ಹಡಗು ಮುಳುಗುವುದರಲ್ಲಿತ್ತು, ದೇವರೇ ಕಾಪಾಡು ಅಂದರು, ಬದುಕಿದರು, ಆ ಪಾಪದ ಕೆಲಸ ಬಿಟ್ಟರು, ಪಾದ್ರಿಯಾದರು, 'ಅಮೇಜಿಂಗ್ ಗ್ರೇಸ್' ಹಾಡು ಬರೆದರು. ಕುರುಡನಾಗಿದ್ದೆ, ಈಗ ಕಾಣುತ್ತೇನೆ ಅನ್ನೋ ಸಾಲು ಆ ಹಾಡಿನದೇ. ಬೆಟಗೇರಿಯಲ್ಲಿ ನಮಗೆ ಹೇಳಿಕೊಟ್ಟದ್ದೂ ಹೀಗೇ. ಚರ್ಚಿನಲ್ಲಿ ದೇವರು ತಮ್ಮ ಬಾಳು ಬದಲಿಸಿದ ಸಾಕ್ಷಿ ಹೇಳಲು ನಿಂತವರೆಲ್ಲ ಈ ಕಥೆ ಎತ್ತುತ್ತಿದ್ದರು.

ನಾನೀಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ನರ್ಸ್. ನ್ಯೂಟನ್ 1764ರಿಂದ 1780ರವರೆಗೆ ಪಾದ್ರಿಯಾಗಿ ಸಭೆ, ಅಂದರೆ ಚರ್ಚಿನ ಜನರನ್ನು, ನೋಡಿಕೊಂಡ ಓಲ್ನಿ ಅನ್ನೋ ಊರು ಇಲ್ಲಿಗೆ ತೀರಾ ಹತ್ತಿರ. ಗ್ರೇಟ್ ಊಸ್ ನದಿಯ ಪಕ್ಕದಲ್ಲಿ ಚೂಪು ಗೋಪುರದ ಹಳೇ ಕಲ್ಲಿನ ಚರ್ಚು, ಆಚೆ ಹುಲ್ಲುಗಾವಲು. ಈ ದೇಶದವರಿಗೆ ಓಲ್ನಿ ಅಂದರೆ ಪ್ಯಾನ್‌ಕೇಕ್ ಓಟ. ಲೆಂಟ್, ಅಂದರೆ ಈಸ್ಟರ್ ಹಬ್ಬದ ಮುಂಚಿನ ಉಪವಾಸದ ಕಾಲ, ಶುರುವಾಗುವ ಹಿಂದಿನ ದಿನ ಹೆಂಗಸರು ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಬಾಣಲೆ ಹಿಡಿದು, ಪೇಟೆಯಿಂದ ಚರ್ಚಿನ ತನಕ ಓಡುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ರಜೆ ಸಿಕ್ಕಾಗ ನಾನು ಹೋಗುವುದು ನ್ಯೂಟನ್‌ಗೋಸ್ಕರ. ಅವರ ಹೆಸರಿನ ಮ್ಯೂಸಿಯಂ ಅಲ್ಲಿದೆ. ಅವರ ಸಮಾಧಿಯೂ ಚರ್ಚಿನ ಅಂಗಳದಲ್ಲೇ ಇದೆ. ಮೊದಲು ಲಂಡನ್ನಿನಲ್ಲಿ ಹೂಳಿದ್ದರು, 1893ರಲ್ಲಿ ಇಲ್ಲಿಗೆ ತಂದರು.

ನಾವು ಕೇಳಿದ ಕಥೆಯನ್ನು ಇಸವಿಗಳ ಪಕ್ಕ ಇಟ್ಟು ನೋಡಿದರೆ ಅದು ಹಾಗೆ ನಡೆದೇ ಇಲ್ಲ.

ಬಿರುಗಾಳಿ ಬಂದದ್ದು 1748ರ ಮಾರ್ಚ್‌ನಲ್ಲಿ. ಆಗ ಅವರು ಕ್ಯಾಪ್ಟನ್ ಅಲ್ಲ. ಆಫ್ರಿಕಾದಲ್ಲಿ ಒಬ್ಬ ಗುಲಾಮರ ವ್ಯಾಪಾರಿಯ ಹತ್ತಿರ ಸಿಕ್ಕಿಬಿದ್ದು, ಅವನ ಹೆಂಡತಿಯ ಕೈಯಲ್ಲಿ ಹಸಿವು, ಅವಮಾನ ಎಲ್ಲ ತಿಂದು, ಹೇಗೋ ಬಿಡುಗಡೆಯಾಗಿ ಊರಿಗೆ ವಾಪಸ್ ಬರುತ್ತಿದ್ದ ಹುಡುಗ. ಆ ರಾತ್ರಿ ನಿಜವಾಗಿಯೂ ದೇವರನ್ನು ಕೂಗಿದರು. ಒಡೆದ ಹಡಗು ಕೊನೆಗೆ ಐರ್ಲೆಂಡಿನ ದಡ ಮುಟ್ಟಿತು. ಸಾಯುವ ತನಕ ಆ ದಿನವನ್ನು ಪ್ರತಿ ವರ್ಷ ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದರು. ಸರಿ. ಗುಲಾಮರ ಹಡಗಿಗೆ ಕ್ಯಾಪ್ಟನ್ ಆದದ್ದು ಯಾವಾಗ ಗೊತ್ತಾ? 1750ರಲ್ಲಿ. ನಂಬಿಕೆಗೆ ಬಂದ ಮೇಲೆ!

ಭಾನುವಾರ ನಾವಿಕರನ್ನೆಲ್ಲ ಮೇಲೆ ಸೇರಿಸಿ ಆರಾಧನೆ ನಡೆಸುತ್ತಿದ್ದರು. ಸತ್ಯವೇದ (ಬೈಬಲ್) ಓದುತ್ತಿದ್ದರು, ಹೆಂಡತಿಗೆ ಪ್ರೀತಿಯ ಕಾಗದ ಬರೆಯುತ್ತಿದ್ದರು, ಲ್ಯಾಟಿನ್ ಕಲಿಯುತ್ತಿದ್ದರು. ಅವರು ನಿಂತಿದ್ದ ಹಲಗೆಯ ಕೆಳಗೇ ಗಂಡಸರು ಬೇಡಿ ಹಾಕಿಸಿಕೊಂಡು ಮಲಗಿದ್ದರು. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ಮಲಗಿಸುತ್ತಿದ್ದರು ಅಂತ ಎಷ್ಟೋ ವರ್ಷದ ಮೇಲೆ ಅವರೇ ಬರೆದಿದ್ದಾರೆ. ದಂಗೆ ಏಳಬಹುದು ಅಂತ ಅನುಮಾನ ಬಂದಾಗ ಚಿಕ್ಕ ಹುಡುಗರ ಹೆಬ್ಬೆರಳನ್ನು ಹಿಂಸೆ ಕೊಡುವ ತಿರುಪಿಗೆ ಸಿಕ್ಕಿಸಿ ಬಾಯಿ ಬಿಡಿಸಿದ್ದನ್ನು ಹಡಗಿನ ದಿನಚರಿಯಲ್ಲಿ ಗಾಳಿ, ಮಳೆ ಬರೆದ ಹಾಗೆ ಬರೆದಿಟ್ಟಿದ್ದಾರೆ. ಅದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ.

1754ರಲ್ಲಿ ಸಮುದ್ರದ ಕೆಲಸ ಬಿಟ್ಟರು. ಮನಸ್ಸು ಚುಚ್ಚಿ ಅಲ್ಲ, ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು. ಈ ವ್ಯಾಪಾರ ತಪ್ಪು ಅಂತ ಆ ವರ್ಷಗಳಲ್ಲಿ ಒಂದು ಸಲವೂ ಅನಿಸಲಿಲ್ಲ ಅಂತ ಮುಂದೆ ಪಾದ್ರಿಯಾಗುವ ಹೊತ್ತಿಗೆ ಅವರೇ ಒಪ್ಪಿಕೊಂಡಿದ್ದಾರೆ. 'ಅಮೇಜಿಂಗ್ ಗ್ರೇಸ್' ಬರೆದದ್ದು ಓಲ್ನಿಯಲ್ಲಿ, 1773ರ ಹೊಸ ವರ್ಷದ ದಿನದ ಆರಾಧನೆಗೆ. ಗುಲಾಮರ ವ್ಯಾಪಾರದ ವಿರುದ್ಧ ಬಾಯಿ ಬಿಟ್ಟದ್ದು 1788ರಲ್ಲಿ, ಒಂದು ಕಿರುಹೊತ್ತಗೆ ಬರೆದು. ಲೆಕ್ಕ ಹಾಕಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ. ಈಗ ಕಾಣುತ್ತೇನೆ ಅಂತ ಬರೆದ ಮೇಲೂ ಹದಿನೈದು ವರ್ಷ.

ಹಾಗಾದರೆ ಆ ಹಾಡು ಸುಳ್ಳಾ?

ಸುಳ್ಳಲ್ಲ ಅಂತ ನಾನು ನಂಬುತ್ತೇನೆ. ಮಾರ್ಕನ ಸುವಾರ್ತೆಯ ಎಂಟನೇ ಅಧ್ಯಾಯದಲ್ಲಿ ಬೇತ್ಸಾಯಿದ ಅನ್ನೋ ಊರಿನ ಕುರುಡನ ಕಥೆ ಇದೆ. ನಮ್ಮ ಕಡೆ ಅದರ ಮೇಲೆ ಪಾದ್ರಿಗಳ ಬೋಧನೆ ಕೇಳಿದ ನೆನಪಿಲ್ಲ. ಯೇಸುಸ್ವಾಮಿ ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗುತ್ತಾರೆ, ಕಣ್ಣಿಗೆ ಉಗುಳು ಹಚ್ಚಿ ಕೈಯಿಟ್ಟು, ಏನಾದರೂ ಕಾಣುತ್ತಾ ಅಂತ ಕೇಳುತ್ತಾರೆ. ಅವನು ನಿಜ ಹೇಳುತ್ತಾನೆ. ಮನುಷ್ಯರು ಕಾಣುತ್ತಾರೆ, ಆದರೆ ಮರಗಳ ಹಾಗೆ, ನಡೆದಾಡುವ ಮರಗಳ ಹಾಗೆ. ಯೇಸುಸ್ವಾಮಿ ಮತ್ತೊಮ್ಮೆ ಕೈಯಿಡುತ್ತಾರೆ. ಆಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಮಾತಿಗೆ ಸಮುದ್ರ ಸುಮ್ಮನಾಗಿಸಿದವರು ಇಲ್ಲಿ ಎರಡು ಸಲ ಮುಟ್ಟಬೇಕಾಯಿತಾ? ಅವರಿಗೆ ಶಕ್ತಿ ಕಮ್ಮಿಯಾಗಿ ಅಲ್ಲ. ನಮಗೆ ತೋರಿಸಲೆಂದೇ ಹೀಗೆ ಮಾಡಿದರು ಅನಿಸುತ್ತದೆ. ಅದಕ್ಕೂ ಸ್ವಲ್ಪ ಮುಂಚೆ ಶಿಷ್ಯರಿಗೇ ಕೇಳಿದ್ದಾರಲ್ಲ, ಕಣ್ಣಿದ್ದೂ ಕಾಣುವುದಿಲ್ಲವೋ ಅಂತ. ಶಿಷ್ಯರು ಅಂದರೆ ಆಗಲೇ ನಂಬಿ ಹಿಂದೆ ಬಂದವರು.

ನ್ಯೂಟನ್ ಆ ಮೊದಲನೇ ಸ್ಪರ್ಶದ ಮನುಷ್ಯ. ದೇವರು ಕಂಡಿದ್ದರು, ತನ್ನ ಪಾಪ ಕಂಡಿತ್ತು. ಆದರೆ ಬೈಗುಳ, ಸೊಕ್ಕು ಇವು ಪಾಪವಾಗಿ ಕಂಡವೇ ಹೊರತು ಕಾಲಡಿ ಮಲಗಿದ್ದವರು ಮನುಷ್ಯರಾಗಿ ಕಾಣಲಿಲ್ಲ. ಅವರ ಸುತ್ತ ಇದ್ದ ಒಳ್ಳೆಯ ಜನಕ್ಕೂ ಕಾಣಲಿಲ್ಲ. ಅವರ ಹಡಗು ಹೊರಡುತ್ತಿದ್ದ ಬಂದರು ಲಿವರ್‌ಪೂಲಿನಲ್ಲಿ ಅದು ಮರ್ಯಾದಸ್ಥರ ವ್ಯಾಪಾರ. ಎಲ್ಲರೂ ಮಾಡುವ ಪಾಪ ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕೊನೆಗೆ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನೂ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾನೆ. ಮೊದಲು 'ಯೇಸು ಅನ್ನೋ ಮನುಷ್ಯ' ಅನ್ನುತ್ತಾನೆ, ಆಮೇಲೆ ಪ್ರವಾದಿ ಅನ್ನುತ್ತಾನೆ, ಸಭಾಮಂದಿರದಿಂದ ಹೊರಗೆ ಹಾಕಿದ ಮೇಲೆ 'ಸ್ವಾಮೀ, ನಂಬುತ್ತೇನೆ' ಅಂತ ಅಡ್ಡಬೀಳುತ್ತಾನೆ. ಆ ಅಧ್ಯಾಯದ ಶುರುವಿನಲ್ಲೇ ಶಿಷ್ಯರು ಕೇಳುತ್ತಾರೆ, ಇವನು ಹೀಗೆ ಹುಟ್ಟಿದ್ದು ಯಾರ ಪಾಪದಿಂದ, ಇವನದಾ, ಅಪ್ಪ ಅಮ್ಮನದಾ ಅಂತ. ನಮ್ಮೂರಲ್ಲಿ ಇದೇ ಮಾತನ್ನು ಹಿಂದಿನ ಜನ್ಮದ ಕರ್ಮ ಅಂತಾರೆ. ಯಾರ ಪಾಪವೂ ಅಲ್ಲ ಅಂತ ಯೇಸುಸ್ವಾಮಿ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಕುರುಡರು ಬೇರೆಯವರು, 'ನಮಗೆ ಕಾಣುತ್ತದೆ' ಅಂತ ಹೇಳಿಕೊಳ್ಳುತ್ತಿದ್ದ, ಕಟ್ಟುನಿಟ್ಟಿನ ಯೆಹೂದಿ ಪಂಥದ ಫರಿಸಾಯರು.

ಇನ್ನೊಂದು ವಿಷಯ ನರ್ಸಾಗಿ ಹೇಳಲೇಬೇಕು. ಓಲ್ನಿಯಲ್ಲಿ ನ್ಯೂಟನ್ ಜೊತೆಗಾರ ವಿಲಿಯಂ ಕೂಪರ್ ಅನ್ನೋ ಕವಿ. ಇಬ್ಬರೂ ಸೇರಿ ಬರೆದ ಕೀರ್ತನೆಗಳು 1779ರಲ್ಲಿ ಅಚ್ಚಾದವು. ಈ ಕೂಪರ್‌ಗೆ ತೀವ್ರ ಖಿನ್ನತೆಯ ಕಾಯಿಲೆ ಇತ್ತು. ಆ ಹಾಡು ಬಂದ 1773ರ ಜನವರಿಯಲ್ಲೇ ಅವರು ಪೂರ್ತಿ ಕುಸಿದರು. ದೇವರು ನನ್ನನ್ನು ಕೈಬಿಟ್ಟರು ಅನ್ನೋ ಯೋಚನೆ ಅವರನ್ನು ಆಮೇಲೆ ಕೊನೆಯ ತನಕ ಬಿಡಲಿಲ್ಲ. ನ್ಯೂಟನ್ ಅವರಿಗೆ ನಿನ್ನ ನಂಬಿಕೆ ಕಮ್ಮಿ ಅಂತ ಬುದ್ಧಿ ಹೇಳಲಿಲ್ಲ. ತಮ್ಮ ಮನೆಯಲ್ಲಿಟ್ಟುಕೊಂಡು ವರ್ಷಕ್ಕೂ ಜಾಸ್ತಿ ನೋಡಿಕೊಂಡರು. ನಮ್ಮ ಸಭೆಗಳಲ್ಲಿ ಮನಸ್ಸಿನ ಕಾಯಿಲೆ ಇರುವವರಿಗೆ ಉಪವಾಸ ಮಾಡು, ಪ್ರಾರ್ಥನೆ ಸಾಲದು ಅಂತ ಹೇಳಿ ಮಾತ್ರೆ ಬಿಡಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತಲೆಯಲ್ಲಿ ಕೂತವರೆಲ್ಲ ಕುರುಡರಲ್ಲ.

ನನ್ನ ವಾರ್ಡಿನಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನ ಒಬ್ಬರು ಅಕ್ಕ ಇದ್ದಾರೆ. ನ್ಯೂಟನ್ ಹಡಗು ನಿಲ್ಲಿಸಿ ಜನರನ್ನು ಕೊಂಡದ್ದು ಅವರ ದೇಶದ ಕರಾವಳಿಯಲ್ಲೇ. ತುಂಬಾ ಭಕ್ತೆ. ರಾತ್ರಿ ಡ್ಯೂಟಿಯಲ್ಲಿ ಟೀ ಕುಡಿಯುವಾಗ ಓಲ್ನಿ ವಿಷಯ ತೆಗೆದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು, "ಅವನಿಗೆ ಕ್ಷಮೆ ಸಿಕ್ಕಿದೆ ಅಂತ ನಾನೂ ನಂಬ್ತೀನಿ ತಂಗಿ. ಆದರೆ ಅವನು ಕಣ್ಣು ಬಿಡೋ ತನಕ ಕೆಳಗಿದ್ದವರು ಕಾಯಬೇಕಾಯ್ತಲ್ಲ. ಅವರ ಹೆಸರು ಯಾರು ಬರೆದಿಟ್ಟಿದ್ದಾರೆ?" ದಿನಚರಿಯಲ್ಲಿ ಅವರಿಗೆ ಇರುವುದು ನಂಬರ್ ಅಷ್ಟೇ. ನಾನು ಉತ್ತರ ಕೊಡಲಿಲ್ಲ, ಕೊಡುವಂಥ ಉತ್ತರ ಇಲ್ಲ. ನಿಧಾನವಾಗಿ ಕಣ್ಣು ಬರುತ್ತದೆ ಅನ್ನುವುದು ನೋಡುವವನಿಗೆ ಸಮಾಧಾನ. ಆ ನಿಧಾನದ ಬೆಲೆ ಕೊಡುವವರು ಬೇರೆಯವರು.

ನ್ಯೂಟನ್‌ಗೆ ಇದು ಗೊತ್ತಾಗಿತ್ತು, ಅದಕ್ಕೇ ನನಗೆ ಅವರ ಮೇಲೆ ಗೌರವ. 1788ರ ಆ ಕಿರುಹೊತ್ತಗೆಯಲ್ಲಿ, ನನ್ನ ತಪ್ಪೊಪ್ಪಿಗೆ ತಡವಾಗಿ ಬರುತ್ತಿದೆ, ಈಗ ನೆನೆದರೆ ಎದೆ ನಡುಗುವ ಕೆಲಸದಲ್ಲಿ ನಾನೇ ಕೈಯಾಡಿಸಿದ್ದೆ ಅನ್ನೋ ಅರ್ಥದ ಮಾತು ಬರೆದರು. ಬರೆದು ಸುಮ್ಮನಾಗಲಿಲ್ಲ. ಅಷ್ಟು ಹೊತ್ತಿಗೆ ಲಂಡನ್ನಿನ ದೊಡ್ಡ ಚರ್ಚಿನ ಪಾದ್ರಿ, ಹೆಸರು ಮಾಡಿದವರು. ಸರ್ಕಾರದ ವಿಚಾರಣೆಯ ಮುಂದೆ ಹೋಗಿ, ಹಡಗಿನೊಳಗೆ ಏನು ನಡೆಯುತ್ತಿತ್ತು ಅಂತ ಕಣ್ಣಾರೆ ಕಂಡವರಾಗಿ ಹೇಳಿದರು. ಅದಕ್ಕೂ ಮುಂಚೆ 1785ರಲ್ಲಿ, ಮುಂದೆ ಈ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಗುಟ್ಟಾಗಿ ಬಂದು ರಾಜಕೀಯ ಬಿಟ್ಟುಬಿಡಲಾ ಅಂತ ಕೇಳಿದಾಗ, ಬಿಡಬೇಡ, ಅಲ್ಲೇ ಇರು ಅಂದವರೂ ಅವರೇ. 1807ರ ಮಾರ್ಚ್‌ನಲ್ಲಿ ಬ್ರಿಟನ್ ಆ ವ್ಯಾಪಾರ ನಿಲ್ಲಿಸುವ ಕಾನೂನು ಮಾಡಿತು. ಅದೇ ಡಿಸೆಂಬರ್‌ನಲ್ಲಿ ನ್ಯೂಟನ್ ತೀರಿಕೊಂಡರು. ಆಗ ಅವರಿಗೆ ದೃಷ್ಟಿ ಹೆಚ್ಚುಕಮ್ಮಿ ಹೋಗಿತ್ತು.

ಅಂದ ಹಾಗೆ ಓಲ್ನಿಗೂ ಕನ್ನಡಕ್ಕೂ ಒಂದು ನಂಟಿದೆ. 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ, ಚಪ್ಪಲಿ ಹೊಲಿಯುವ ಕೆಲಸದಲ್ಲಿದ್ದಾಗ ಓಲ್ನಿಯ ಬ್ಯಾಪ್ಟಿಸ್ಟ್ ಸಭೆಗೆ ಸೇರಿದ್ದರು. ಬೋಧನೆಗೆ ಅವರನ್ನು ಕಳಿಸಿಕೊಟ್ಟದ್ದೂ ಆ ಸಭೆಯೇ.

ಇಷ್ಟೆಲ್ಲ ಬರೆದದ್ದು ನಮ್ಮ ಮನೆಯ ಒಂದು ಮಾತಿಗೋಸ್ಕರ. ನನ್ನ ಚಿಕ್ಕಮ್ಮನ ಮಗ ಒಬ್ಬಳನ್ನು ಇಷ್ಟಪಟ್ಟಿದ್ದಾನೆ. ಹುಡುಗಿ ನಮ್ಮ ಸಭೆಯವಳೇ, ಕ್ವಾಯರ್‌ನಲ್ಲಿ ಹಾಡುತ್ತಾಳೆ. ಚಿಕ್ಕಮ್ಮ ಫೋನಿನಲ್ಲಿ ಅತ್ತರು. "ಅವ್ರು ನಮ್ಮ ಮಂದಿ ಅಲ್ಲವ್ವಾ."

"ಅವರೂ ನಾವೂ ಚರ್ಚಿನಲ್ಲಿ ಒಂದೇ ಪಾತ್ರೆಯಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತಗೋತೀವಲ್ಲ ಚಿಕ್ಕಮ್ಮ?"

"ಅದು ಬ್ಯಾರೆ, ಇದು ಬ್ಯಾರೆ."

ಚಿಕ್ಕಮ್ಮ ನನ್ನನ್ನು ಸಾಕಿದವರು. ಊರಲ್ಲಿ ಯಾರು ಹಸಿದು ಬಂದರೂ ರೊಟ್ಟಿ ಬಡಿದು ಹಾಕುವವರು. ಅವರ ಪ್ರಾರ್ಥನೆ ಸುಳ್ಳು ಅಂತ ನಾನು ಯಾವತ್ತೂ ಹೇಳಲಾರೆ. ಆದರೆ ಆ ಹುಡುಗಿ ಅವರಿಗೆ ಇನ್ನೂ ಕಂಡಿಲ್ಲ. ನಮ್ಮ ಮಿಶನ್ ಸಭೆಗಳಿಗೆ ಎಲ್ಲ ಜಾತಿಯವರೂ ಬಂದು ತಲೆಮಾರುಗಳೇ ಕಳೆದವು. ಈಗಲೂ ಮದುವೆ ಮಾತು ಬಂದರೆ ಅಜ್ಜನ ಅಜ್ಜ ಯಾವ ಕೇರಿಯವರು ಅಂತ ಹುಡುಕುತ್ತೇವೆ. ದಕ್ಷಿಣ ಭಾರತದ ಕೆಲವು ಕಡೆ ದಲಿತ ಕ್ರೈಸ್ತರನ್ನು ಹೂಳಲು ಬೇರೆ ಜಾಗ ಇದೆ. ಒಂದೇ ಪುನರುತ್ಥಾನ ನಂಬುವವರಿಗೆ ಎರಡು ಸ್ಮಶಾನ ಯಾಕೆ?

ಡಿಸೆಂಬರ್‌ಗೆ ರಜೆ ಕೇಳಿದ್ದೆ, ಸಿಕ್ಕಿದೆ. ಮಾತುಕತೆಗೆ ನಾನೂ ಕೂರುತ್ತೇನೆ, ಹುಡುಗಿಯ ಪರವಾಗಿ. ಚಿಕ್ಕಮ್ಮನಿಗೆ ಹೇಳಿಯೂ ಆಗಿದೆ. ಬಾ, ಆದರ ಅಯ್ಯನವರ (ಪಾದ್ರಿಗಳ) ಮುಂದ ನನ್ನ ಸಂಗಡ ಜಗಳ ತೆಗೀಬ್ಯಾಡ ಅಂದರು. ತೆಗೆಯುವುದಿಲ್ಲ. ಆ ಹುಡುಗಿಯನ್ನು ಮನೆಗೆ ಊಟಕ್ಕೆ ಕರೀರಿ ಅಂತ ಮಾತ್ರ ಕೇಳುತ್ತೇನೆ.